ಕೆಂಪು ಗೆರೆ ಇಳಿದ ದಿನ

ನಾನು ರಕ್ತ ತಿರುಗಿಸುವ ಒಂದು ಯಂತ್ರ. ದೂರದ ಕಾರ್ಖಾನೆಯಲ್ಲಿ ಹುಟ್ಟಿ, ಲಾರಿಯಲ್ಲಿ ಕುಲುಕುತ್ತಾ ಗಂಗಾವತಿ ಕಡೆಯ ಒಂದು ಆಸ್ಪತ್ರೆಗೆ ಬಂದೆ. ಸಣ್ಣ ಗಾಜಿನ ನಳಿಕೆಯಲ್ಲಿ ರಕ್ತ ತುಂಬಿ ನನ್ನ ಹೊಟ್ಟೆಯಲ್ಲಿಟ್ಟರೆ ಗಿರ್ರನೆ ತಿರುಗಿಸುತ್ತೇನೆ. ಕೆಂಪು ಕಣ ಕೆಳಗೆ, ತಿಳಿನೀರು ಮೇಲೆ. ರಕ್ತ ಎಷ್ಟು ಗಟ್ಟಿ ಎಂದು ತೋರಿಸುವುದೇ ನನ್ನ ಕಸುಬು.

ಡೆಂಗಿ ಬಂದಾಗ ಮಾತ್ರ ನನಗೆ ಹೊಟ್ಟೆಕಿಚ್ಚು. ಊರಿಗೆ ಊರೇ ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುತ್ತದೆ. ಬೀಗರು ಫೋನ್ ಮಾಡುವುದೂ ಅದಕ್ಕೇ, ಪಪ್ಪಾಯಿ ಎಲೆ ಅರೆಯುವುದೂ ಅದಕ್ಕೇ. ನನ್ನನ್ನು ಮೂಸಿ ನೋಡುವವರಿಲ್ಲ.

ಒಂದು ಮಳೆಗಾಲ ಖೋವಾ ಮಾರುವ ಹುಲಿಗೆಮ್ಮ ತನ್ನ ಏಳು ವರ್ಷದ ಮಗ ಗವಿಸಿದ್ಧನನ್ನು ಹೊತ್ತು ತಂದಳು. ಡೆಂಗಿ ಜ್ವರ. ಕೆಲವು ದಿನ ಸುಟ್ಟು, ಒಂದು ಬೆಳಿಗ್ಗೆ ತಾನಾಗಿ ಬಿಟ್ಟಿತು. ಹುಲಿಗೆಮ್ಮ ಮನೆಗೆ ಹೊರಡಲು ಗಂಟು ಕಟ್ಟಿದಳು. ಜ್ವರ ಬಿಟ್ಟ ಮಗುವಿನ ತಲೆಗೆ ಮನೆಯಲ್ಲಿ ನೀರು ಹಾಕಿದರೆ ಕಾಯಿಲೆ ಮುಗಿಯಿತು ಎಂಬುದು ಅವರ ಓಣಿಯ ರೂಢಿ. ಪ್ಲೇಟ್‌ಲೆಟ್ ಇಳಿದಿದೆ ಎಂದು ಆಸ್ಪತ್ರೆಯವರು ತಡೆದರೆ, ಎಲೆ ರಸ ಕುಡಿಸುತ್ತೇನೆ ಬಿಡಿ ಎಂದಳು.

ಡಾಕ್ಟರ್ ಪ್ರಭುಲಿಂಗ ಹುಡುಗನ ಕೈ ಮುಟ್ಟಿದರು. ಆ ತಣ್ಣನೆಯ ಕೈ ಅವರಿಗೆ ಹಿಡಿಸಲಿಲ್ಲ. ಹೊಟ್ಟೆನೋವೆಂದು ಅವನು ನರಳುತ್ತಲೂ ಇದ್ದ. ಲ್ಯಾಬಿನ ನಜ್ಮಾಳಿಗೆ ಹೇಳಿ ಅವನ ರಕ್ತವನ್ನು ನನ್ನೊಳಗೆ ಇಡಿಸಿದರು. ಜೀವ ಒತ್ತೆಯಿಟ್ಟು ತಿರುಗಿದೆ.

ನಿನ್ನೆ ತಿರುಗಿಸಿಟ್ಟಿದ್ದ ನಳಿಕೆ, ಇವತ್ತಿನ ನಳಿಕೆ ಎರಡನ್ನೂ ಡಾಕ್ಟರು ತಾಯಿಗೆ ತೋರಿಸಿದರು. ಇವತ್ತಿನದರಲ್ಲಿ ಕೆಂಪು ಗೆರೆ ಮೇಲೇರಿತ್ತು. ಬಾಣಲೆಯ ಮುಂದೆಯೇ ಆಯುಷ್ಯ ಕಳೆದ ಹುಲಿಗೆಮ್ಮನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

“ಹಾಲು ಇಂಗಿದಂಗ ಆಗೇತಲ್ರಿ. ಒಳಗಿನ ನೀರು ಎಲ್ಲಿ ಹೋತು?”

“ರಕ್ತನಾಳದಿಂದ ಸೋರಿ ಹೊಟ್ಟಿಗೆ ಇಳ್ಯಾಕತ್ತೈತವ್ವ. ಈಗ ಮನಿಗೆ ಒಯ್ದರ ಹುಡುಗ ಉಳಿಯಂಗಿಲ್ಲ.”

ಅವಳು ಗಂಟು ಕೆಳಗಿಟ್ಟಳು.

ಅಳೆದು ಅಳೆದು ಸಲೈನ್ ಕೊಟ್ಟರು. ಮತ್ತೆ ಮತ್ತೆ ನನ್ನನ್ನು ತಿರುಗಿಸಿದರು. ಸಂಜೆಯಾದರೂ ಗೆರೆ ಜಗ್ಗಲಿಲ್ಲ; ನಾನು ನಿಜಕ್ಕೂ ಹೆದರಿದ್ದೆ. ಮರುದಿನ ಅದು ಇಳಿಯಿತು. ಗವಿಸಿದ್ಧ ಚೆನ್ನಾಗಿ ಉಚ್ಚೆ ಹೊಯ್ದ, ಆಮೇಲೆ ರೊಟ್ಟಿ, ಶೇಂಗಾ ಚಟ್ನಿ ಬೇಕೆಂದು ಹಟ ಹಿಡಿದ. ನಜ್ಮಾ ನನ್ನ ಮುಚ್ಚಳ ತಟ್ಟಿದಳು. ಪ್ಲೇಟ್‌ಲೆಟ್ ಆಗಲೂ ಕೆಳಗೇ ಬಿದ್ದುಕೊಂಡಿತ್ತು. ಗೆದ್ದದ್ದು ನಾನು!

ಡಾಕ್ಟರು ಹೂಂ ಎಂದ ಮೇಲೆಯೇ ಅವನ ತಲೆಗೆ ನೀರು ಬಿತ್ತು. ಅಂದು ಲ್ಯಾಬಿಗೆಲ್ಲ ಖೋವಾ ಬಂತು.

ಈಗ ಎಲ್ಲವನ್ನೂ ಒಟ್ಟಿಗೆ ಅಳೆಯುವ ಹೊಸ ಯಂತ್ರ ಬಂದಿದೆ. ನಾನು ಕಪಾಟಿನ ಮೇಲೆ, ತಲೆಯ ಮೇಲೆ ಹತ್ತಿಯ ಗಂಟು ಹೊತ್ತು ಕೂತಿದ್ದೇನೆ. ಬೇಸರವಿಲ್ಲ. ಮಳೆಗಾಲದಲ್ಲಿ ಹುಲಿಗೆಮ್ಮನ ಓಣಿಯ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಅವರು ಬಾಗಿಲಲ್ಲೇ ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತದೆ:

“ಪ್ಲೇಟ್‌ಲೆಟ್ ಆಮ್ಯಾಲೆ ಹೇಳ್ರಿ. ರಕ್ತ ಗಟ್ಟಿ ಆಗೈತೇನು, ಅದನ್ನ ಮೊದಲು ನೋಡ್ರಿ.”