ಕಾವಿನಲ್ಲಿ ಉಳಿದದ್ದು

ಹುಳಿ ಬಂದ ಹಿಟ್ಟಿನ ವಾಸನೆ, ಇನ್‌ಕ್ಯುಬೇಟರಿನ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಬಡಿಯುವ ಅದೇ ಬೆಚ್ಚನೆಯ ವಾಸನೆ, ಆದರೆ ಇವತ್ತು ಅದರಡಿಯಲ್ಲಿ ಇನ್ನೊಂದು, ಹೊಗೆ — ಕಿಟಕಿಗಳೆಲ್ಲ ಮುಚ್ಚಿವೆ, ಆದರೂ ಉತ್ತರದಲ್ಲಿ ಉರಿಯುತ್ತಿರುವ ಕಾಡಿನ ಹೊಗೆ ಕೆನಡಾದ ಸಾಸ್ಕಟೂನಿನ ಈ ಲ್ಯಾಬಿನ ಒಳಗೂ ನುಗ್ಗಿದೆ, ಇಲ್ಲಾ ದಾರ್ಕಾಳ ಅಂಗಿಗೇ ಅಂಟಿಕೊಂಡು ಬಂದಿದೆ, ಮನೆಯಿಂದ, ತಮ್ಮನ ಜಾಕೆಟ್ಟಿನಿಂದ, ಎಷ್ಟು ಒಗೆದರೂ ಹೋಗದ ವಾಸನೆ, ಎಸೆದುಬಿಡೋ ಅಂದರೆ ಓಸ್ತಾಪ್ ಕೇಳುವುದಿಲ್ಲ, ಕೇಳುವವನಾಗಿದ್ದರೆ ತುಂಬು ಬಸುರಿ ಹೆಂಡತಿ ಜಿನೆಟ್‌ಳನ್ನು ಬಿಟ್ಟು ಅಕ್ಕನ ಮನೆಯ ಸೋಫಾದ ಮೇಲೆ ಯಾಕೆ ಬಿದ್ದುಕೊಳ್ಳುತ್ತಿದ್ದ. ಪ್ಲೇಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಾಳೆ, ಕೆನೆಬಣ್ಣದ ಚುಕ್ಕೆಗಳು, ಒಂದೊಂದು ಚುಕ್ಕೆಯೂ ಯೀಸ್ಟಿನ ಒಂದು ಊರು, ಒಂದೇ ತಾಯಿಯಿಂದ ಹುಟ್ಟಿದ ಊರು, ಚಳಿಗಾಲವಿಡೀ ಇವುಗಳನ್ನು ಕಾವಿನಲ್ಲಿಟ್ಟು ಸತಾಯಿಸಿದವಳು ತಾನೇ, ಬದುಕಲು ಆಗಿಯೂ ಆಗದಷ್ಟು ಕಾವು, ಎಷ್ಟೋ ಬೆಂದು ಹೋದವು, ಉಳಿದವು ಬದಲಾದವು, ಒಡೆದು ಎರಡಾಗುವ ಅವಸರದಲ್ಲಿ ಲೆಕ್ಕ ತಪ್ಪಿ ಒಂದು ಇಡೀ ವರ್ಣತಂತುವನ್ನೇ ಹೆಚ್ಚಿಗೆ ಇಟ್ಟುಕೊಂಡವು, ಬೇಡದ ಹೊರೆ, ಬೇರೆ ದಿನಗಳಲ್ಲಾಗಿದ್ದರೆ ಅದೇ ಕುತ್ತಿಗೆ ಹಿಸುಕುತ್ತಿತ್ತು, ಆದರೆ ಆ ಕಾವಿನಲ್ಲಿ ಅವು ಜೀವ ಹಿಡಿದದ್ದೇ ಆ ಹೊರೆಯಿಂದ. ಹಿಮ ಕರಗುವ ಹೊತ್ತಿಗೆ ತಂಪಿಗೆ ತಂದಳು, ಈಗ ಆ ಹೊರೆ ಇಳಿಸುತ್ತವೋ ಇಲ್ಲವೋ ನೋಡೋಣ ಅಂತ, ಆ ವಾರವೇ ಓಸ್ತಾಪ್ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ, ಸ್ವಲ್ಪ ದಿನ ಇರ್ತೀನಿ ದಾರ್ಕಾ, ಜಿನೆಟ್ ಜತೆ ಜಗಳ ಏನಿಲ್ಲ, ನನಗೇ ನನ್ನ ಮೇಲೆ ನಂಬಿಕೆ ಇಲ್ಲ. ಹೋದ ಬೇಸಿಗೆಯಲ್ಲಿ ಕಾಡ್ಗಿಚ್ಚು ಆರಿಸಲು ಹೋದಾಗ ಗಾಳಿ ತಿರುಗಿತು, ಕುತ್ತಿಗೆಮಟ್ಟ ಸರೋವರದ ನೀರಲ್ಲಿ ನಿಂತು ಇವನು ಉಳಿದ, ಹಿಂದೆ ಓಡಿ ಬರುತ್ತಿದ್ದ ಜತೆಗಾರ ಕೆಲ್ವಿನ್ ನೀರು ಮುಟ್ಟಲಿಲ್ಲ, ಇಷ್ಟನ್ನೇ ಹೇಳಿದ್ದ, ಒಂದೇ ಸಲ, ಪಾತ್ರೆ ತೊಳೆಯುತ್ತಾ, ಆಮೇಲೆ ನಿದ್ದೆಯಲ್ಲಿ ಕೂಗುವುದು, ನಿದ್ದೆಗಣ್ಣಲ್ಲೇ ಎದ್ದು ಜಿನೆಟ್‌ಳ ಬೀರುವಿನ ಬಾಗಿಲು ಮುರಿದದ್ದು, ಅದರ ಮರುದಿನವೇ ಮನೆ ಬಿಟ್ಟದ್ದು.

ಬೆಳಿಗ್ಗೆ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಹುರಿಯುತ್ತಿದ್ದಾಗ ಬೆನ್ನ ಹಿಂದೆ ಬಂದು ನಿಂತಿದ್ದ, ನಿನ್ನ ಯೀಸ್ಟು ಬಿಸೀಲಿ ಕೆಟ್ಟುಹೋಗುತ್ತೆ ಅಂತೀಯಲ್ಲ, ಅದರ ಮಕ್ಕಳಿಗೂ ಆ ಕೇಡು ದಾಟುತ್ತಾ, ದಾಟುತ್ತೆ ಕಣೋ ಅಂದುಬಿಟ್ಟಳು, ಬೆಣ್ಣೆ ಸೀಯುತ್ತಿತ್ತು, ಕಣ್ಣು ಅದರ ಮೇಲಿತ್ತು, ಹಾಗಾದ್ರೆ ನಾನು ಹೋಗದೆ ಇರೋದೇ ವಾಸಿ ಅಂದ, ಎಲ್ಲಿಗೆ ಅಂತ ಕೇಳಲು ತಿರುಗುವಷ್ಟರಲ್ಲಿ ಅವನಿರಲಿಲ್ಲ — ದಡ್ಡಿ, ಇಷ್ಟು ಓದಿದವಳು, ಪ್ರಶ್ನೆ ಯಾರ ಬಗ್ಗೆ ಅಂತ ಗೊತ್ತಾಗಬಾರದೇ. ಈಗ ಲ್ಯಾಬಿನ ಪರದೆಯ ಮೇಲೆ ಆ ಹೆಚ್ಚಿನ ವರ್ಣತಂತುವನ್ನು ತೋರಿಸುವ ಗೆರೆಗಳು ಬರುತ್ತಿವೆ, ಕಾವಿನಲ್ಲಿ ಎತ್ತರಕ್ಕೆ ಎದ್ದಿದ್ದ ಗೆರೆ ಇಲ್ಲಿ ನೆಲಕ್ಕೆ ಇಳಿದಿದೆ, ಇಲ್ಲೂ ಇಳಿದಿದೆ, ಇಲ್ಲೂ, ಅಯ್ಯೋ ಇಳಿಸಿವೆ, ಹೊರೆ ಇಳಿಸಿವೆ, ಯಾರೂ ಹೇಳದೆ ಕೇಳದೆ, ಮುಂದಿನದು, ಇಳಿದಿಲ್ಲ. ಅದರ ಮುಂದಿನದೂ ಇಲ್ಲ. ಕೆಲವು ಹಾಗೇ ಹೊತ್ತುಕೊಂಡಿವೆ, ತಂಪಿನಲ್ಲಿ ಇಷ್ಟು ತಿಂಗಳಾದರೂ, ಎಲ್ಲವೂ ಇಳಿಸಿದವು ಅಂತ ಹೇಳಿಬಿಡಲೇ, ಅವನಿಗೇನು ಗೊತ್ತಾಗುತ್ತದೆ, ಮೆಟ್ಟಿಲು ಇಳಿಯುತ್ತಾಳೆ, ಹೇಳಿಬಿಡಲೇ, ಪಾರ್ಕಿಂಗಿನಲ್ಲಿ ದಿನದಂತೆ ಅವಳನ್ನು ಕರೆದೊಯ್ಯಲು ಬಂದ ಅವನ ಪಿಕಪ್ ನಿಂತಿದೆ, ಸೂರ್ಯ ಹೊಗೆಯಲ್ಲಿ ಕಿತ್ತಳೆ ಹಣ್ಣಾಗಿದ್ದಾನೆ, ಸ್ಟಿಯರಿಂಗಿನ ಹಿಂದೆ ಓಸ್ತಾಪ್, ಪಕ್ಕದ ಸೀಟಿನ ಮೇಲೆ ಫೋನು ಬಡಿದುಕೊಳ್ಳುತ್ತಿದೆ, ಎತ್ತೋ, ಎತ್ತುವುದಿಲ್ಲ, ತಾನೇ ಬಾಗಿಲು ತೆಗೆದು ಎತ್ತಿಕೊಂಡಳು, ಜಿನೆಟ್, ಉಸಿರು ಬಿಗಿಹಿಡಿದ ದನಿ, ನೋವು ಶುರುವಾಗಿದೆ ಕಣೇ ದಾರ್ಕಾ, ಆಸ್ಪತ್ರೆಗೆ ಬಂದಿದ್ದೀನಿ, ಆ ಪೆದ್ದನಿಗೆ ಹೇಳು, ಹೆದರಿಕೊಂಡೇ ಬರಲಿ, ನಂಗೂ ಹೆದರಿಕೇನೇ, ಬಾರದೆ ಇದ್ದರೆ ಮಾತ್ರ ಸಿಗಿದು ಹಾಕ್ತೀನಿ. ಅವನಿಗೂ ಕೇಳಿಸಿದೆ, ಕೈ ಕೀಲಿಯ ಮೇಲಿದೆ, ತಿರುಗಿಸುತ್ತಿಲ್ಲ, ನಿನ್ನ ಯೀಸ್ಟು ಏನಾಯ್ತು ಅಂತ ಕೇಳುತ್ತಾನೆ. ಹೆಚ್ಚಿನವು ಮೊದಲಿನ ಹಾಗೆ ಆದವು. ಎಲ್ಲವೂ? ಇಲ್ಲ ಕಣೋ, ಎಲ್ಲವೂ ಅಲ್ಲ. ಹೇಳಿಬಿಟ್ಟಳು, ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತುಹೋಯಿತು, ಅವನು ತಲೆಯಾಡಿಸಿದ, ಗೊತ್ತಿತ್ತು ಅನ್ನುವಂತೆ, ಅದೇ ಅವಳಿಗೆ ತಡೆಯಲಾಗಲಿಲ್ಲ, ಲೋ, ನೀನು ಯೀಸ್ಟಲ್ಲ ಕಣೋ, ಮನುಷ್ಯರದು ನಂಗೆ ಪೂರ್ತಿ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಆದ್ರೆ ಅವಕ್ಕೆ ಯಾರೂ ಫೋನ್ ಮಾಡಿ ಬಾ ಅಂತ ಕರೆಯಲ್ಲ — ಅವನು ನಕ್ಕನೋ, ಕೆಮ್ಮಿದನೋ, ಸರಿ, ಆ ಕಡೆ ಜರುಗು, ನಾನು ಓಡಿಸ್ತೀನಿ ಅಂದಳು, ನೀನು ಓಡಿಸಬೇಡ, ನೀನು ಓಡಿಸಿದರೆ ಮಗು ಶಾಲೆಗೆ ಸೇರುವಾಗ ತಲುಪ್ತೀವಿ, ಅಂದ, ಅಂದನಲ್ಲ, ಎಷ್ಟು ತಿಂಗಳಾಗಿತ್ತು ಇವನ ಬಾಯಲ್ಲಿ ಇಂಥ ಮಾತು ಕೇಳಿ, ಸೇತುವೆ, ನದಿ, ಆಸ್ಪತ್ರೆಯ ಉದ್ದನೆ ಓಣಿ, ಒಳಗೆ ಜಿನೆಟ್‌ಳ ಕೂಗು, ಬೈಗುಳ, ಎಲ್ಲವೂ ಓಸ್ತಾಪನಿಗೇ, ಆಮೇಲೆ ಒಂದು ಸಣ್ಣ ಸಿಟ್ಟಿನ ಅಳು, ಹೆಣ್ಣು ಮಗು, ಕೈ ತೊಳೆದುಕೊಂಡು ಎತ್ತಿಕೊಳ್ಳಿ ಅಂದಳು ನರ್ಸು, ಅವನು ತೊಳೆಯುತ್ತಾನೆ, ಸೋಪು ಹಚ್ಚುತ್ತಾನೆ, ಮತ್ತೆ ತೊಳೆಯುತ್ತಾನೆ, ಮೊಣಕೈವರೆಗೆ, ಮತ್ತೆ ಸೋಪು, ನೀರು ಹರಿಯುತ್ತಲೇ ಇದೆ, ದಾರ್ಕಾ ಗಾಜಿನ ಈಚೆ ಉಸಿರಾಡದೆ ನಿಂತಿದ್ದಾಳೆ, ಸಾಕು ಬಾರೋ ಅಂತ ಮಂಚದಿಂದ ಜಿನೆಟ್, ದಣಿದ ದನಿ, ಅದರಲ್ಲಿ ಸಿಟ್ಟಿಲ್ಲ, ನಲ್ಲಿ ನಿಂತಿತು. ಬಟ್ಟೆಗೆ ಒರೆಸಿಕೊಳ್ಳುವುದನ್ನೂ ಮರೆತು ಎರಡು ಕೈಗಳು ಮಗುವಿನತ್ತ ಚಾಚಿವೆ, ಗಾಜಿನಾಚೆ, ಒದ್ದೆ ಕೈಗಳು, ಬೇರೇನೂ ಕಾಣುತ್ತಿಲ್ಲ ಅವಳಿಗೆ, ಕಣ್ಣು ಮುಚ್ಚಿದರೂ ಅವೇ, ತೆಗೆದರೂ ಅವೇ, ಚಾಚಿದ ಕೈಗಳು, ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ, ಕೈಗಳು