ಮೂರನೆಯ ತೊಟ್ಟಿ

ಕೈ ಇನ್ನೂ ನಾರುತ್ತಿದೆ, ಎರಡು ಸಲ ಸೋಪು ಹಚ್ಚಿ ತೊಳೆದರೂ ಮೀನುಪುಡಿಯ ವಾಸನೆ ಉಗುರಿನೊಳಗೇ ಕುಳಿತಿದೆ, ಪಕ್ಕದ ಸೀಟಿನ ಹೆಂಗಸು ಸೆರಗು ಮೂಗಿಗೆ ಹಿಡಿದು ಕಿಟಕಿಯ ಕಡೆ ಸರಿದಳು, ಸರಿಯಲಿ, ಬೈಲಹೊಂಗಲ ಬರುವತನಕ ಇಬ್ಬರೂ ಸಹಿಸಬೇಕು, ಇವತ್ತು ಎಲ್ಲ ಬಯಲು ಮಾಡಿದ್ದೇ ಈ ವಾಸನೆ — ಹಸಿರು ಮುಚ್ಚಳದ ಬಕೆಟ್ಟಿಗೆ ಕೈ ಹಾಕಿದಾಗ ಅದು ಬರಬಾರದಿತ್ತು, ಹಸಿರು ಮುಚ್ಚಳ ಅಂದರೆ ಮೀನುಗಳ ಮೂರನೆಯ ತೊಟ್ಟಿ, ಅದಕ್ಕೆ ಬರೀ ಶೇಂಗಾ ಹಿಂಡಿ, ಮೊದಲನೆಯದಕ್ಕೆ ಮೀನುಪುಡಿ, ಎರಡನೆಯದಕ್ಕೆ ಅರ್ಧರ್ಧ, ಇಷ್ಟೇ, ಇಷ್ಟನ್ನು ನೇಸರಗಿಯ ಆ ಹೊಲದಲ್ಲಿ ನಿಂತು ಪದ್ಮವ್ವನಿಗೆ ಎಷ್ಟು ಸಲ ಹೇಳಿದ್ದೆ, ವಾರಕ್ಕೊಮ್ಮೆ ನಾನು ಬರುತ್ತೇನೆ, ಉಳಿದ ದಿನ ಮೇವು ಹಾಕುವುದು ನೀನು, ಅದಲುಬದಲು ಮಾಡಬೇಡ, ಅಂದರೆ ಅವಳು, ಆತ್ರಿ ಅಕ್ಕಾರ, ನಾ ಏನ್ ಸಣ್ಣ ಹುಡುಗೀನ್ರಿ. ಅದಲುಬದಲು ಮಾಡಿಲ್ಲ ಮಹಾತಾಯಿ, ಮೂರನ್ನೂ ತಾಡಪತ್ರಿಯ ಮೇಲೆ ಸುರಿದು ಕಲಸಿ ಮೂರು ಪಾಲು ಮಾಡಿದ್ದಾಳೆ, ಪ್ರತಿ ಸೋಮವಾರ, ನಾನು ಹೊರಟ ಮೇಲೆ. ಅರವತ್ತು ದಿನ ನೀರುಪಾಲು. ಮತ್ತೆ ನಾನು ಕುಣಿದದ್ದೇನು! ರೋಹು ಮೀನಿನ ಕರುಳಿನ ಗೋಡೆಯಲ್ಲಿ ಅಮೈನೋ ಆಮ್ಲಗಳನ್ನು ಹೊತ್ತು ಒಳಗೆ ದಾಟಿಸುವ ಪ್ರೋಟೀನುಗಳಿವೆ, ಮಾರ್ಕೆಟ್ ಯಾರ್ಡಿನ ಹಮಾಲರ ಹಾಗೆ, ಎಷ್ಟು ಹಮಾಲರು ಬೇಕೆಂದು ಕರೆ ಕೊಡುವುದು ಜೀನು, ಮೇವು ಬದಲಾದರೆ ಆ ಕರೆ ಬದಲಾಗುತ್ತದೋ ಇಲ್ಲವೋ, ನನ್ನ ಪಿಎಚ್.ಡಿ. ನಿಂತಿರುವುದು ಇದರ ಮೇಲೆ, ಹೋದ ವಾರ ಪರದೆಯ ಮೇಲೆ ಗ್ರಾಫಿನ ಮೂರು ಕಂಬ ಎದ್ದವು, ಮೂರೂ ಒಂದೇ ಎತ್ತರ, ಹಿಂಡಿ ತಿಂದರೂ ಮೀನುಪುಡಿ ತಿಂದರೂ ಹಮಾಲರು ಅಷ್ಟೇ, ಗೈಡ್ ಸರ್ ಬೆನ್ನು ತಟ್ಟಿದರು, ಭಾರೀ ಸುದ್ದಿ ಐತಿ ಇದು, ಬರೂ ಸೋಮವಾರ ಸಂಜಿಕ್ಕ ಪೇಪರ್ ಕಳಸೂಣು — ಆ ಸಂಜೆ ಅಂದರೆ ಇವತ್ತಿನ ಸಂಜೆ.

ಆಧಾರ ಕಾರ್ಡ ತೋರಸ್ರಿ, ಕಂಡಕ್ಟರು, ತೋರಿಸಿದೆ, ಅನ್ನಪೂರ್ಣಾ ಅಂತ ಜೋರಾಗಿ ಓದಿದ, ಓದಬೇಕಿತ್ತೇ? ಆಗ ಹೊಲದಲ್ಲಿ ಪದ್ಮವ್ವನಿಗೆ ಬೈದೆ, ಬಾಯಿಗೆ ಬಂದದ್ದೆಲ್ಲ ಬೈದೆ, ಅವಳು ಅಳಲೂ ಇಲ್ಲ, ಮುರಗೋಡ ಮಠದಾಗ ಹತ್ತ ವರ್ಷ ಊಟ ನೀಡೇನ್ರಿ ಅಕ್ಕಾರ, ಸಾವಕಾರಗೂ ಅಷ್ಟ, ಬೇಡಾಂವಗೂ ಅಷ್ಟ, ಪಂಕ್ತಿಯೊಳಗ ಭೇದ ಮಾಡಿದ ಕೈ ಅಲ್ರಿ ಇದು, ಮೂರನೇದಾಗಿನವು ನನ್ನ ನೆಳ್ಳ ಕಂಡ್ರ ಬಾಯಿ ತಗದ ಮ್ಯಾಲ ಬರತಾವು, ಬರೇ ಹಿಂಡಿ ಹೆಂಗ ಹಾಕ್ಲಿ. ಇನ್ನಷ್ಟು ಬೈಯಲು ಹೊರಟವಳು ಹಸಿರು ಮುಚ್ಚಳ ಎತ್ತಿ ಬಕೆಟ್ಟಿಗೆ ಹಾಕಿದೆ, ಯಾಕೆಂದರೆ ಅವ್ವನ ತುಪ್ಪದ ಚಮಚ ನೆನಪಾಯಿತು, ಅಣ್ಣ ಬಸವಲಿಂಗನ ತಾಟಿಗೆ ಎರಡು ಚಮಚ, ಆಮೇಲೆ ಅದು ನನ್ನ ತಾಟಿನ ಮೇಲೆ ಬರುತ್ತಿತ್ತು, ಒಂದು ಗಳಿಗೆ ನಿಲ್ಲುತ್ತಿತ್ತು, ನಿನಗ್ಯಾಕ ಬೇಕವಾ, ವಾಪಸು ಡಬ್ಬಿಗೆ. ನನ್ನ ಹಮಾಲರು ಆಗ ಏನು ಮಾಡಿದರೋ, ಯಾರೂ ಅಳೆಯಲಿಲ್ಲ. ಸುಮ್ಮನಿದ್ದುಬಿಡಲೇ? ಕಂಬಗಳು ಹಾಗೇ ಇರಲಿ, ಪದ್ಮವ್ವ ಯಾರಿಗೆ ಹೇಳುತ್ತಾಳೆ, ಯುಗಾದಿಗೆ ಫೆಲೋಶಿಪ್ ಮುಗಿಯುತ್ತದೆ, ಆದರೆ ಯಾವನೋ ರೈತ ಇದನ್ನೇ ನಂಬಿ ಹೊಂಡಕ್ಕೆ ಬರೀ ಹಿಂಡಿ ಸುರಿದರೆ, ಮೀನು ಸೊರಗಿದರೆ — ಥೂ, ಫೋನು ಹಚ್ಚಿದೆ, ಬಸ್ಸಿನ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು, ಸರ್, ಆ ಕಂಬ ಸುಳ್ಳದಾವ್ರಿ, ಮೂರೂ ತೊಟ್ಟಿ ಒಂದೇ ಮೇವು ತಿಂದಾವ, ಪಕ್ಕದ ಹೆಂಗಸು ಪೂರ್ತಿ ತಿರುಗಿ ನೋಡಿದಳು, ಆ ಕಡೆಯಿಂದ ಸರ್, ಹಂಗಾರ ಮತ್ತ ಅರವತ್ತ ದಿನಾ ಮಾಡವಾ, ನೇಸರಗ್ಯಾಗ ಇರು, ಈ ಸಲಾ ನಿನ್ನ ಕೈಲೇ ಹಾಕು. ನನ್ನ ಕೈಯಿಂದಲೇ. ಮೊದಲನೆಯದಕ್ಕೆ ಹಾಕುತ್ತೇನೆ, ಎರಡನೆಯದಕ್ಕೆ ಹಾಕುತ್ತೇನೆ, ಮೂರನೆಯದರ ಮೇಲೆ ನನ್ನ ನೆರಳು ಬೀಳುತ್ತದೆ, ಅವು ಬಾಯಿ ತೆರೆದು ಮೇಲೆ ಬರುತ್ತವೆ, ಚಮಚ ತಾಟಿನ ಮೇಲೆ ಬಂದು ನಿಂತಿದೆ, ಈ ಸಲ ಅದನ್ನು ಹಿಡಿದವಳು ನಾನು, ಚಮಚ ಅಲ್ಲೇ ನಿಂತಿದೆ