ಮುನಿವೆಂಕಟಮ್ಮನ ನೆತ್ತರಿನ ನಳಿಕೆ

ಬಿಸಿನೀರಿನ ತೊಟ್ಟಿಯಲ್ಲಿ ಬೆಂದ ರೇಷ್ಮೆ ಗೂಡುಗಳಿಂದ ಎಳೆಯ ತುದಿ ಹುಡುಕುತ್ತಿದ್ದ ಮುನಿವೆಂಕಟಮ್ಮ, ಅರ್ಧಕ್ಕೆ ಕೆಲಸ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕೂತು ತೋಳು ಚಾಚಿದಳು. ಅವಳ ನೆತ್ತರು ನನ್ನೊಳಗೆ ಇಳಿಯಿತು. ಅದೇ ನನ್ನ ಹುಟ್ಟು. ಅದಕ್ಕೂ ಮೊದಲು ನಾನು ಅಚ್ಚಿನಿಂದ ಬಿದ್ದ ಬರಿಯ ಪ್ಲಾಸ್ಟಿಕ್ ನಳಿಕೆ. ಅದನ್ನು ಬದುಕು ಅನ್ನಲಾರೆ.

ನೆತ್ತರು ತೆಗೆದವಳು ಪ್ರಮೀಳ. ವಯಸ್ಸಾದ ಮೇಲೆ ಕಣ್ಣಿಗೆ ಪೊರೆ ಬರುವ ಸುಳಿವು ನೆತ್ತರಲ್ಲಿ ಮೊದಲೇ ಸಿಗುತ್ತದೆಯೇ ಎಂದು ಅವಳ ಆಸ್ಪತ್ರೆಯ ಡಾಕ್ಟರು ಹುಡುಕುತ್ತಿದ್ದರು. ಸೂಜಿ ಕಂಡು ಕಣ್ಣು ಮುಚ್ಚಿದವಳಿಗೆ ಕಣ್ಣಿನ ಚಿಂತೆಯಂತೆ ಎಂದು ಜೊತೆಯ ಹೆಂಗಸರು ನಕ್ಕರು. ಮುನಿವೆಂಕಟಮ್ಮ ನಗಲಿಲ್ಲ.

"ಎಳೆ ಕಾಣ್ದಿದ್ರೆ ಈ ಕುದಿಯೋ ನೀರಾಗೆ ಬೆರಳು ಬೇಯ್ತವೆ, ಅಮ್ಮಣ್ಣಿ. ಏನಾನಾ ಬರೋ ಹಂಗಿದ್ರೆ ನಂಗೊಂದು ಕಾಗ್ದ ಹಾಕು. ಬರೆಯಾಕೆ ಬರಾಕಿಲ್ಲ, ಅಕ್ಷರ ಕೂಡಿಸ್ಕೊಂಡು ಓದ್ತೀನಿ."

ಹಾಕುತ್ತೇನೆ ಎಂದಳು ಪ್ರಮೀಳ.

ಆಸ್ಪತ್ರೆಯಲ್ಲಿ ನನ್ನನ್ನು ಯಂತ್ರಕ್ಕಿಟ್ಟು ಗಿರಗಿರನೆ ತಿರುಗಿಸಿ, ಕೆಂಪನ್ನು ಬೇರ್ಪಡಿಸಿ, ತಿಳಿ ಹಳದಿ ನೀರನ್ನಷ್ಟೇ ನನ್ನಲ್ಲಿ ಉಳಿಸಿದರು. ೨೧೪ ಎಂದು ಚೀಟಿ ಅಂಟಿಸಿ ಶೀತಪೆಟ್ಟಿಗೆಯಲ್ಲಿಟ್ಟರು. ಹದಿಮೂರು ವರ್ಷ ಅಲ್ಲಿದ್ದೆ. ಅಲ್ಲಿ ಬೆಳಕಿಲ್ಲ, ಮಾತಿಲ್ಲ. ಪಕ್ಕದವರಿದ್ದರೂ ಎಲ್ಲರ ಮೈಮೇಲೂ ಹಿಮ. ಒಬ್ಬರ ಮುಖ ಒಬ್ಬರಿಗೆ ಕಾಣದು. ಒಬ್ಬೊಬ್ಬರನ್ನೇ ಒಯ್ದರು, ಯಾರೂ ತಿರುಗಿ ಬರಲಿಲ್ಲ.

ಕೊನೆಗೆ ನನ್ನ ಸರದಿ. ಹನಿ ಹನಿ ತೆಗೆದು ಪ್ರೋಟೀನುಗಳನ್ನು ಅಳೆದರು. ಪೊರೆ ಬಂದ ಹಲವರಲ್ಲಿ ಹೆಚ್ಚಿದ್ದ ಎರಡು ಪ್ರೋಟೀನು ನನ್ನಲ್ಲೂ ಹೆಚ್ಚಿದ್ದವು. ಪೊರೆ ಬಂದೇ ಬರುತ್ತದೆ ಎಂದಲ್ಲ, ಆದರೆ ಬೇಗ ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು ಎಂದರು ಡಾಕ್ಟರು. ಕಾಗದವೂ ಅಚ್ಚಾಯಿತು.

ಹೋಗಲಿಲ್ಲ. ನೆತ್ತರು ಕೊಟ್ಟ ದಿನ ಅವಳು ಒತ್ತಿದ್ದ ಒಪ್ಪಿಗೆ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತಿನ ಜಾಗದಲ್ಲಿ ಬರೀ ಶಾಯಿಯ ಕಲೆ, ಒಂದು ಗೆರೆಯೂ ಇಲ್ಲ. ಒಪ್ಪಿಗೆಯಿಲ್ಲದವರಿಗೆ ಕಾಗದ ಕಳಿಸುವಂತಿಲ್ಲ ಎಂದು ಕಚೇರಿಯವರು ತೆಗೆದಿಟ್ಟರು. ಎಂಟು ತಿಂಗಳು ಹೀಗೇ ಕಳೆಯಿತು. ಅಷ್ಟರಲ್ಲಿ ಅವಳಿಗೆ ಎಳೆ ಕಾಣುತ್ತಿತ್ತೋ ಇಲ್ಲವೋ, ನಾನು ಯಾರನ್ನು ಕೇಳಲಿ?

ಬಿಸಾಡಬೇಕಾದ ನಳಿಕೆಗಳ ತಟ್ಟೆಯಲ್ಲಿ ನಾನು ಕರಗುತ್ತ ಕೂತಿದ್ದಾಗ ಪ್ರಮೀಳ ಆ ಪತ್ರ ಹಿಡಿದು, ಕಚೇರಿಯ ಅಧಿಕಾರಿಯನ್ನೂ ಕರೆದುಕೊಂಡು ಬಂದಳು. ಅವಳ ತಲೆ ನರೆತಿತ್ತು.

"ಗೆರೆ ಇಲ್ಲ ಅಂದ್ರೆ ಒಪ್ಪಿಗೆ ಇಲ್ಲ ಅಂತಲ್ಲ ಸಾರ್," ಎಂದಳು ಅಧಿಕಾರಿಗೆ. "ಇಪ್ಪತ್ತು ವರ್ಷ ಬಿಸಿನೀರಲ್ಲಿ ಅದ್ದಿದ ಬೆರಳು. ಗೆರೆ ಎಲ್ಲಿ ಉಳೀತದೆ? ಒತ್ತುವಾಗ ಕೈ ಹಿಡಿದಿದ್ದವಳು ನಾನೇ. ಸಾಕ್ಷಿ ಹಾಕ್ತೀನಿ."

ಅವರು ಆ ಕಲೆಯನ್ನು ಇನ್ನೊಮ್ಮೆ ನೋಡಿ, ಸಾಕ್ಷಿ ಹಾಕಿಸಿಕೊಂಡು ಸಹಿ ಮಾಡಿದರು.

ಪ್ರಮೀಳ ಅಚ್ಚಾದ ಕಾಗದವನ್ನು ಲಕೋಟೆಗೆ ಹಾಕಹೋಗಿ ನಿಲ್ಲಿಸಿದಳು. ಇರುವೆಯಂಥ ಅಕ್ಷರಗಳು. ಅದನ್ನು ಬದಿಗಿಟ್ಟು, ಬಿಳಿ ಹಾಳೆ ತೆಗೆದು, ಒಂದೊಂದು ಅಕ್ಷರವನ್ನೂ ಹೆಬ್ಬೆರಳಿನಷ್ಟು ದೊಡ್ಡದಾಗಿ, ದಪ್ಪಗೆ ತಿದ್ದಿದಳು. ಹಾಳೆಗೆ ಎರಡೇ ಮಾತು ಹಿಡಿದವು. ಮೂರು ಹಾಳೆ ಬೇಕಾದವು. ಮಡಿಸಿ, ಅಂಟಿಸಿ, ತಾನೇ ಅಂಚೆಗೆ ಹಾಕಲು ಎದ್ದು ಹೋದಳು.